ಡಾಡ್ಜ್ ಕಾರಿನ ಹಿಂದಿನ ಸೀಟು

ನಡೆದದ್ದನ್ನೇ ಬರೆಯುತ್ತಿದ್ದೇನೆ. ತೊಂಬತ್ಮೂರರಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಮಗಳು ಪವಿತ್ರ, ಪಾಂಡವಪುರದ ಆಸ್ಪತ್ರೆಗೆ ಸಾಗಿಸುವಾಗ ಕಬ್ಬಿನ ಗಾಡಿಯಲ್ಲೇ ತೀರಿಕೊಂಡಳು. ಊರಿನ ಇನ್ನೊಬ್ಬ ಹೆಣ್ಣುಮಗಳಿಗೆ ಹಾಗಾಗಬಾರದೆಂದು ನಮ್ಮ ಯಜಮಾನರು ಮರುವರ್ಷ ನನ್ನನ್ನೂ ಕರೆದುಕೊಂಡು ಕಾರು ಕೊಳ್ಳಲು ಹೊರಟರು. ಬೂಕನಕೆರೆಯ ಶೆಡ್ಡೊಂದರಲ್ಲಿ ಎರಡು ಹಳೇ ಅಮೆರಿಕನ್ ಕಾರುಗಳಿದ್ದವು.

“ಪ್ಲೈಮೌತು ಮದುವಣಗಿತ್ತಿ ಇದ್ದಂಗದೆ ಕಣಣ್ಣ, ಆದ್ರೆ ನಮ್ಮ ಗಾಡಿ ಜಾಡ್ನಲ್ಲಿ ಹೊಟ್ಟೆ ತಗುಲ್ತದೆ. ಡಾಡ್ಜ್ ಎತ್ತರ, ಡೀಸೆಲ್ ಇಂಜಿನ್ನೂ ಕೂರ್ಸಿವ್ನಿ,” ಎಂದ ಮಾಲೀಕ ಧರ್ಮೇಂದ್ರ.

“ಇಂಜಿನ್ ಆಮೇಲಾಗ್ಲಿ. ಹಿಂದ್ಗಡೆ ಮಲ್ಗಿ ನೋಡಮ್ಮಿ, ಬಸುರಿ ಕಾಲು ಚಾಚ್ಬೋದಾ ಅಂತ,” ಎಂದರು ಯಜಮಾನರು.

ಡಾಡ್ಜ್‌ನಲ್ಲಿ ಮಲಗಿದೆ. ಸೀಟು, ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

“ಯಾರ್ಲಾ ಕೂತಿದ್ದೋರು?”

“ಯಾರೂ ಇಲ್ಲ ಕಣಕ್ಕ. ಬಾಗ್ಲು ತೆಗ್ದಿದ್ದೇ ಈಗ.”

ಅದನ್ನೇ ತಂದೆವು. ಊರಿನ ಎಷ್ಟೋ ಬಸುರಿಯರು ನನ್ನ ತೊಡೆಯ ಮೇಲೆ ತಲೆಯಿಟ್ಟು ಅದರಲ್ಲಿ ಹೋದರು, ಕೂಸಿನೊಂದಿಗೆ ಮರಳಿದರು. ಹೋಗುವಾಗೆಲ್ಲ ನನ್ನ ಪಕ್ಕದ ಗೇಣಗಲ ಖಾಲಿ ಜಾಗ ಬೆಚ್ಚಗಿರುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಆ ಕಡೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಮಗಳು ಇಳಿಯಲಿ ಎಂಬಂತೆ ಯಜಮಾನರು ಹಿಂತಿರುಗಿ ನೋಡದೆ ಸ್ವಲ್ಪ ಹೊತ್ತು ಕಾಯುತ್ತಿದ್ದರು.

ಊರಿಗೆ ಮರಳುವಾಗ ಮಾತ್ರ ಆ ಜಾಗ ಒಂದು ದಿನವೂ ಬೆಚ್ಚಗಾಗಲಿಲ್ಲ.