‘ಸರಿ, ತೆಗೀರಿ’ ಅಂದರಂತೆ

ಠಣ್!

ಕೆಳಗೆ ಕಬ್ಬಿಣಕ್ಕೆ ಸುತ್ತಿಗೆ ಬಿದ್ದ ಸದ್ದು.

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟಿದ್ದರು. ಅಂದು ಮೊದಲ ಮಾಮೂಲಿ ಬೆಳಿಗ್ಗೆ. ಹಲ್ಲುಜ್ಜಬೇಕು, ಕಸ ಹೊರಗಿಡಬೇಕು, ಬದುಕಬೇಕು. ನಾನಿನ್ನೂ ಹಲ್ಲುಜ್ಜುತ್ತಿದ್ದೆ.

ಠಣ್! ಮತ್ತೆ.

ಆ ಸದ್ದು ನನಗೆ ಗೊತ್ತು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಬಿರುಕು ಬಿಟ್ಟ ಬೀಮಿಗೆ ಆಸರೆಯಾಗಿ ಕಬ್ಬಿಣದ ಜಾಕಿಗಳನ್ನು ನಿಲ್ಲಿಸಿದ್ದರು. ಇಂಜಿನಿಯರ್ ಬಂದು ಪರೀಕ್ಷಿಸುವವರೆಗೂ ಅವನ್ನು ಮುಟ್ಟಕೂಡದು ಎಂದು ಅಡ್ಡ ನಿಂತಿದ್ದವನು ನನ್ನ ಗಂಡ. ಅಸೋಸಿಯೇಷನ್ ಸೆಕ್ರೆಟರಿ.

ಅವನು ಹೋದ... ಜಾಕಿಗಳೂ ಹೊರಟವು!

ಆ ಬೀಮಿನ ಮೇಲೆ ಮನೆಗಳು. ಮನೆಗಳಲ್ಲಿ ಇನ್ನೂ ಏಳದ ಮಕ್ಕಳು.

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹಾರಿ ಇಳಿದೆ. ಒಂದು ಜಾಕಿ ಆಗಲೇ ನೆಲದ ಮೇಲೆ ಮಲಗಿತ್ತು. ಇನ್ನೊಂದರ ಬುಡಕ್ಕೆ ಮೇಸ್ತ್ರಿ ಸುತ್ತಿಗೆ ಎತ್ತಿದ್ದ.

"ನಿಲ್ಸು!" ಬಾಯಿಂದ ಪೇಸ್ಟಿನ ನೊರೆ ಹಾರಿತು.

ರಿಪೇರಿ ಹಿಡಿದಿದ್ದ ಕಂಟ್ರಾಕ್ಟರ್ ತಿರುಗಿದ. ಮುಖಕ್ಕೆ ದುಃಖ ಬಳಿದುಕೊಂಡ.

"ಅಯ್ಯೋ, ನೀವ್ಯಾಕಮ್ಮ ಬಂದ್ರಿ? ರೆಸ್ಟ್ ತಗೊಳ್ಳಿ."

"ಇಂಜಿನಿಯರ್ ಬಂದ್ರಾ?"

"ನಿಮ್ಮೆಜಮಾನ್ರೇ ಹೇಳಿದ್ರಲ್ಲಮ್ಮ! ಇಲ್ಲೇ ನಿಂತ್ಕೊಂಡು. 'ಸರಿ, ತೆಗೀರಿ' ಅಂದ್ರು. ದೇವರಂಥ ಮನುಷ್ಯ..."

ಪಕ್ಕದಲ್ಲಿ ಅಸೋಸಿಯೇಷನ್ ಅಧ್ಯಕ್ಷರು ಕೈ ಹಿಸುಕಿಕೊಳ್ಳುತ್ತಿದ್ದರು. ಒಳ್ಳೆಯವರು. ಬೆನ್ನುಮೂಳೆ ಮಾತ್ರ ರಜೆಯಲ್ಲಿತ್ತು.

"ಅವರೇ ಒಪ್ಪಿದ ಮೇಲೆ ನಾವೇನಮ್ಮ..."

ನನಗೆ ನಗು ಬಂತು.

"ಸರ್, 'ಮದ್ವೆ ಆಗ್ತೀಯಾ' ಅಂತ ನಾನು ಕೇಳ್ದಾಗ ಅವ್ನು ಏನಂದ ಗೊತ್ತಾ? 'ನೋಡೋಣ.' ಊಟಕ್ಕೆ ಕರೆದ್ರೂ 'ನೋಡೋಣ.' ಆ ಬಾಯಿಂದ ಒಂದು 'ಸರಿ' ಕೇಳೋಕೆ ನಾನು ವರ್ಷಗಟ್ಟಲೆ ಕಾದೆ. ಇವರಿಗೆ ಪುಕ್ಕಟೆ ಹೇಳಿಬಿಟ್ನಾ?"

ಮೇಸ್ತ್ರಿ ಕೆಮ್ಮಿದ. ನಗು ನುಂಗಿದ ಕೆಮ್ಮು.

ಕಂಟ್ರಾಕ್ಟರನ ಮುಖಕ್ಕೆ ಬಳಿದಿದ್ದ ದುಃಖ ಉದುರಿತು. "ನೋಡಮ್ಮ, ನನ್ನ ಜಾಕಿಗೆ ಇನ್ನೊಂದು ಸೈಟ್ ಕಾಯ್ತಿದೆ. ಒಂಟಿ ಹೆಂಗಸು ನೀವು... ನಾಳೆ ಮನೇಲಿ ನಲ್ಲಿ ಕೆಟ್ರೂ ಯಾರೂ ಬರದ ಹಾಗೆ ಮಾಡ್ತೀನಿ. ಹುಷಾರು!"

ಹೆದರಬೇಕಿತ್ತು. ಅದಕ್ಕೂ ಶಕ್ತಿ ಬೇಕಲ್ಲ...

ಹೋಗಿ ಬೀಮಿನ ಕೆಳಗೆ ನಿಂತೆ.

"ತೆಗೀರಿ. ಆದ್ರೆ ನೀವೂ ಬನ್ನಿ. ಇಲ್ಲಿ, ನನ್ನ ಪಕ್ಕ."

"ಹುಚ್ಚಾ ನಿಮ್ಗೆ?"

"ಬೀಮ್ ಗಟ್ಟಿ ಇದೆ ಅಲ್ವಾ?"

ಅವನು ಬರಲಿಲ್ಲ.

ಮೇಲೆ ಏನೋ 'ಕಟ್' ಎಂದಿತು. ನನ್ನ ಹೆಗಲಿಗೆ ಸಿಮೆಂಟಿನ ಪುಡಿ ಉದುರಿತು. ಕಂಟ್ರಾಕ್ಟರ್ ಹಿಂದಕ್ಕೆ ಹಾರಿದ. ಮೇಸ್ತ್ರಿ ಮುಂದಕ್ಕೆ ಹಾರಿದ! ಬಿದ್ದಿದ್ದ ಜಾಕಿಯನ್ನು ಎತ್ತಿ ನಿಲ್ಲಿಸಿದ. ನಾನು ತಬ್ಬಿ ಹಿಡಿದೆ. ಅವನು ಹಲ್ಲು ಕಚ್ಚಿ ತಿರುಪು ಬಿಗಿದ. ಇನ್ನೊಂದು ಸುತ್ತು... ಇನ್ನೊಂದು...

ಪುಡಿ ಉದುರುವುದು ನಿಂತಿತು.

ಅಧ್ಯಕ್ಷರಿಗೆ ಕೊನೆಗೂ ದನಿ ಬಂತು. "ಇಂಜಿನಿಯರ್ ಬರೋವರೆಗೂ ಒಂದು ಜಾಕಿ ಅಲ್ಲಾಡಬಾರ್ದು. ನೀವು ಹೊರಡ್ರೀ!"

ಕಂಟ್ರಾಕ್ಟರ್ ಗೇಟಿನವರೆಗೆ ಹೋಗಿ ತಿರುಗಿದ.

"ನಿಮ್ಮೆಜಮಾನ್ರು ಬೀಮ್ ನೋಡೋಕೆ ಅಂತ ನನ್ನ ಸೈಟ್ ಹೆಲ್ಮೆಟ್ ಈಸ್ಕೊಂಡಿದ್ರು. ವಾಪಸ್ ಕೊಟ್ಟಿಲ್ಲ."

ಮತ್ತೆ ಅಷ್ಟೂ ಮೆಟ್ಟಿಲು ಹತ್ತಿದೆ. ಹೆಲ್ಮೆಟ್ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಒಳಗಿನ ಪಟ್ಟಿಗೆ ಅವನದೊಂದು ಕೂದಲು ಸಿಕ್ಕಿಕೊಂಡಿತ್ತು. ಮೆಲ್ಲಗೆ ಬಿಡಿಸಿ ಎತ್ತಿಟ್ಟುಕೊಂಡೆ.

ಅದು ನನ್ನದು.

ಕೆಳಗಿಳಿದು ಹೆಲ್ಮೆಟ್ಟನ್ನು ಕಂಟ್ರಾಕ್ಟರನ ಕೈಗಿಟ್ಟೆ.

"ಹಾಕ್ಕೊಂಡೇ ಹೋಗಿ," ಅಂದೆ. "ಗೇಟಿನ ಮೇಲಿನ ಸಜ್ಜಾನೂ ನೀವೇ ರಿಪೇರಿ ಮಾಡಿರೋದು."