ಮೂರು ಕಲ್ಲಿನ ಉತ್ತರ

"ಈ ಚೀಲ ಹೊತ್ಕಂಡು ಮೂರು ದಿನ ನಡೀತೀರೇನ್ರಿ ನೀವು?"

ಅಂಬ್ಲಿಗೊಳ ಜಲಾಶಯದ ಏರಿಯ ಮೇಲೆ, ಎಂಟು ಜನ ಚಾರಣಿಗರ ಎದುರೇ, ಆ ಹುಡುಗ ಶರಣ್ಯಳ ಬೆನ್ನುಚೀಲದ ಬಾಯಿ ಬಿಚ್ಚಿಬಿಟ್ಟಿದ್ದ. ಕೇಳಲಿಲ್ಲ, ಹೇಳಲಿಲ್ಲ...

ಎರಡು ಕೆಜಿ ಈರುಳ್ಳಿ ಹೊರಬಂತು. ಲಟ್ಟಣಿಗೆ ಹೊರಬಂತು. ಕೊನೆಗೆ ಅಮ್ಮ ತುರುಕಿದ್ದ ಮಾವಿನಮಿಡಿ ಉಪ್ಪಿನಕಾಯಿಯ ಗಾಜಿನ ಬಾಟಲಿಯೂ ಬಂತು.

ಶರಣ್ಯಳ ಕಿವಿ ಬಿಸಿಯಾಯಿತು. 'ಯಾರಿವನು, ನನ್ನ ಅಡುಗೆಮನೆಗೆ ಕೈ ಹಾಕೋಕೆ?'

ಅವನು ಮಹಾಂತೇಶ. ಕುರಿ ಕಾಯುವವರ ಮನೆಯ ಮಗ, ಈ ದಾರಿಯ ಗೈಡ್. ಅವಳು ಶಿಕಾರಿಪುರದ ಕಿರಾಣಿ ಅಂಗಡಿಯವರ ಮನೆಯ ಹುಡುಗಿ. ಚಾರಣ ಏರ್ಪಡಿಸುವ ವಸಂತಕ್ಕ ಅಡುಗೆಗೆಂದು ಅವಳನ್ನು ಮೊದಲ ಸಲ ಕರೆದಿದ್ದರು. ಹದಿನೈದು ದಿನದಿಂದ ಅವಳು ಅಕ್ಕಿ, ಹೆಸರುಬೇಳೆ ಹುರಿದು, ರವೆ ಹುರಿದು, ಶೇಂಗಾ ಚಟ್ನಿಪುಡಿ ಕುಟ್ಟಿ, ಒಂದೊಂದು ಊಟಕ್ಕೂ ಒಂದೊಂದು ಪೊಟ್ಟಣ ಕಟ್ಟಿದ್ದಳು.

"ಈ ಪೊಟ್ಟಣ ಎಲ್ಲಾ ಚಲೋ ಅದಾವು. ಎಲ್ಲರ ಚೀಲಕ್ಕೂ ಹಂಚನ. ಈರುಳ್ಳಿ, ಲಟ್ಟಣಿಗೆ ವಾಪಸ್ ಹೋಗೋ ಟೆಂಪೋಗೆ. ಈ ಬಾಟ್ಲಿ..."

"ಅದು ಅಮ್ಮ ಕೊಟ್ಟಿದ್ದು," ಎಂದಳು ಶರಣ್ಯ. ದನಿ ಯಾಕೋ ಸಣ್ಣದಾಯಿತು.

ಮಹಾಂತೇಶ ಒಂದು ಕ್ಷಣ ಅವಳ ಮುಖ ನೋಡಿದ. ಬಾಟಲಿಯನ್ನು ತನ್ನ ಕಂಬಳಿಯಲ್ಲಿ ಸುತ್ತಿ ತನ್ನದೇ ಚೀಲಕ್ಕೆ ಹಾಕಿಕೊಂಡ. ಶರಣ್ಯ ನೋಡಿಯೂ ನೋಡದಂತೆ ನಿಂತಳು. ಆದರೆ ಕೋಪ ಇದ್ದ ಜಾಗದಲ್ಲಿ ಇನ್ನೇನೋ ಬಂದು ಕೂತಿದ್ದು ಮಾತ್ರ ನಿಜ.

ಎರಡನೆಯ ಸಂಜೆ ಉಡುತಡಿ ಹತ್ತಿರ ಹೊಲದ ಅಂಚಿನಲ್ಲಿ ಬೀಡುಬಿಟ್ಟರು. ಅಲ್ಲಿ ಮಸಿ ಹಿಡಿದ ಮೂರು ಕಲ್ಲಿನ ಒಲೆ ಮೊದಲೇ ಇತ್ತು. ಪಕ್ಕದ ಚಪ್ಪಟೆ ಕಲ್ಲೆತ್ತಿ ಮಹಾಂತೇಶ ಕೆಳಗಿನಿಂದ ಒಣ ಪುಳ್ಳೆ ತೆಗೆದ.

"ಹೋದ ತಿಂಗಳು ನಾನೇ ಇಟ್ಟೋಗಿದ್ದೆ," ಎಂದು ನಕ್ಕ.

ಅರ್ಧ ತಾಸಿನಲ್ಲಿ ಪೊಟ್ಟಣದ ಅಕ್ಕಿಬೇಳೆ ಬಿಸಿಬಿಸಿ ಕಿಚಡಿಯಾಯಿತು. ಮಹಾಂತೇಶ ಮೂರು ಸಲ ಹಾಕಿಸಿಕೊಂಡ. ಊಟ ಮುಗಿದ ಮೇಲೆ ಇಬ್ಬರೂ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದರು.

"ಮುಂದಿನ ತಿಂಗಳೂ ಬರ್ತೀರೇನ್ರಿ?" ಅವನು ಪಾತ್ರೆಯಿಂದ ಕಣ್ಣೆತ್ತಲಿಲ್ಲ.

ಅಡುಗೆಯವಳನ್ನು ಕೇಳುವ ದನಿ ಅದಾಗಿರಲಿಲ್ಲ. 'ಹೂಂ' ಎನ್ನುವುದು ಶರಣ್ಯಳ ನಾಲಿಗೆಯ ತುದಿಯಲ್ಲೇ ಇತ್ತು.

"ಬೆಳಿಗ್ಗೆ ಹೇಳ್ತೀನಿ..."

ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದಳು. ಉಪ್ಪಿಟ್ಟು, ಚಹಾ ಮುಗಿಸಿ, ಬೆಂಕಿಗೆ ನೀರು ಹಾಕಿ, ಬೂದಿ ಮುಚ್ಚಿ, ಮೂರು ಕಲ್ಲನ್ನೂ ಎತ್ತಿ ಬೇಲಿಯತ್ತ ಎಸೆದಳು. ಬಂದ ಗುರುತೇ ಉಳಿಯಬಾರದು ಎಂದು ವಸಂತಕ್ಕನ ತರಬೇತಿಯಲ್ಲಿ ಕಲಿತಿದ್ದಳಲ್ಲ! ಆಮೇಲೆ ತಲೆ ಬಾಚಿಕೊಂಡು, ರಾತ್ರಿಯೆಲ್ಲ ಕಾಪಾಡಿಟ್ಟ ಉತ್ತರ ಹೇಳಲು ಬಂದಳು.

ಮಹಾಂತೇಶ ಒಲೆಯಿದ್ದ ಜಾಗವನ್ನೇ ನೋಡುತ್ತ ನಿಂತಿದ್ದ.

"ರೀ, ನಿನ್ನೆ ಕೇಳಿದ್ರಲ್ಲ..."

"ಹೇಳದೇನೂ ಬ್ಯಾಡ್ರಿ. ಗೊತ್ತಾತು."

ಚೀಲ ಹೆಗಲಿಗೇರಿಸಿ ನಡೆದೇಬಿಟ್ಟ.

'ಏನು ಗೊತ್ತಾಯ್ತು ಇವನಿಗೆ?' ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು. ಅವನು ಒಂದು ಸಲವೂ ತಿರುಗಿ ನೋಡಲಿಲ್ಲ. ಮಧ್ಯಾಹ್ನ ಕುಬಟೂರಿನಲ್ಲಿ ಕೊನೆಯ ಊಟವಾದ ಮೇಲೆ ಉಪ್ಪಿನಕಾಯಿ ಬಾಟಲಿಯನ್ನು ತಂದು ಅವಳ ಮುಂದಿಟ್ಟ. ಆಚೆ ಹೋಗಿ ವಸಂತಕ್ಕನಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು.

"ಮುಂದಿನ ಸಲ ಅಡಿಗೆಗೆ ಬೇರೆಯವರನ್ನ ನೋಡ್ಕಳ್ರಿ ಅಕ್ಕಾ."

ಶರಣ್ಯಳ ಕಣ್ಣು ತುಂಬಿತು. ಅವನೂ ವಸಂತಕ್ಕನೂ ಚಾರಣಿಗರನ್ನು ಬಸ್ಸು ಹತ್ತಿಸಲು ಆನವಟ್ಟಿಗೆ ಹೊರಟಾಗ ಅವಳು ಪಾತ್ರೆ ಎತ್ತಿಡುವ ನೆಪದಲ್ಲಿ ಹಿಂದೆ ಉಳಿದಳು. ಸಿಟ್ಟಿಗೆ ಇಲ್ಲಿಯ ಒಲೆಯ ಮೂರು ಕಲ್ಲನ್ನೂ ಕಾಲಿನಿಂದಲೇ ಒದ್ದಳು.

"ಯಾಕವ್ವಾ, ಇಲ್ಲೇನಾರ ಕೆಟ್ಟದ್ದಾತಾ?"

ಕುರಿಹಿಂಡಿನ ಮುಂದೆ ಕೋಲು ಹಿಡಿದ ಹೆಂಗಸೊಬ್ಬಳು ಗಾಬರಿಯಿಂದ ನಿಂತಿದ್ದಳು. "ನಾನು ಮಹಾಂತೇಶನ ಅವ್ವ, ಗುಡ್ಡಮ್ಮ. ಮಗಂಗೆ ಮಜ್ಜಿಗೆ ತಂದಿದ್ದೆ. ನೀನು ನೋಡಿದ್ರೆ ಒಲೆಗಲ್ಲು ಚೆಲ್ಲೀಯಲ್ಲವ್ವಾ!"

"ಚೆಲ್ಲಿದ್ರೆ ಏನಮ್ಮಾ?"

"ಮತ್ತೆ ಈ ಜಾಗಕ್ಕೆ ಕಾಲಿಡಲ್ಲ ಅಂದ್ರೆ ಮಾತ್ರ ನಮ್ಮ ಮನೇರು ಕಲ್ಲು ಚೆಲ್ಲೋದು. ಬರೋರಾದ್ರೆ ಹಂಗೇ ಬಿಟ್ಟು, ಪುಳ್ಳೆ ಇಟ್ಟು ಹೋಗ್ತೀವಿ. ಮಹಾಂತೇಶನ ಅಪ್ಪ ಹೊಳೆದಂಡೆ ಬೀಡಿನಾಗೆ ತೀರ್ಕಂಡಾಗ ಒಂದ್ಸಲ ಚೆಲ್ಲಿದ್ದೆ. ಮತ್ತೆ ಆ ದಿಕ್ಕಿಗೆ ಹೋಗಿಲ್ಲ ನಾನು."

ಶರಣ್ಯ ಅಲ್ಲೇ ಕೂತಳು. 'ಬರ್ತೀರೇನ್ರಿ ಎಂದು ಕೇಳಿದವನಿಗೆ ಬೆಳಗಾಗೆದ್ದು ಎಂಥ ಉತ್ತರ ಕೊಟ್ಟೆ ನಾನು...'

ಊರಿಗೆ ಹೋಗುವ ನಾಲ್ಕು ಗಂಟೆಯ ಬಸ್ಸು ಹೋದರೆ ಹೋಗಲಿ ಎಂದುಕೊಂಡಳು. ಮೂರು ಕಲ್ಲನ್ನು ಹುಡುಕಿ ತಂದಳು. ಒಂದು ಅಲುಗಾಡಿತು, ಮಣ್ಣು ಒತ್ತಿ ಕೂರಿಸಿದಳು. ಉಳಿದಿದ್ದ ಕೊನೆಯ ಪೊಟ್ಟಣ ಒಡೆದಳು. ಗುಡ್ಡಮ್ಮ ನೀರು ತಂದುಕೊಟ್ಟು, ಮಜ್ಜಿಗೆಯನ್ನು ಅಲ್ಲೇ ಇಟ್ಟು, ಕುರಿಗಳ ಕಡೆ ನಡೆದಳು.

ಮಹಾಂತೇಶ ಒಬ್ಬನೇ ಹಿಂದಿರುಗಿದಾಗ ಒಲೆ ಉರಿಯುತ್ತಿತ್ತು.

"ಬಸ್ಸಿಗೆ ಹೋಗ್ಲಿಲ್ವೇನ್ರಿ?"

"ಬೆಳಿಗ್ಗೆ ಹೇಳ್ತೀನಿ ಅಂದಿದ್ದೆ. ನೀವು ಹೇಳೋಕೇ ಬಿಡಲಿಲ್ಲ."

"ಕಲ್ಲು ಚೆಲ್ಲಿದ್ರಲ್ಲ..."

"ನನಗೆ ಗೊತ್ತಿರಲಿಲ್ಲ ರೀ. ಜಾಗ ಚೊಕ್ಕ ಮಾಡಬೇಕು ಅಂತಷ್ಟೇ ಕಲಿತಿದ್ದೆ. ಈಗ ನಿಮ್ಮ ಅವ್ವ ಹೇಳಿದ್ರು." ಅವಳು ಓರೆಗಣ್ಣಿನಿಂದ ಅವನನ್ನು ನೋಡಿದಳು. "ಅಲ್ಲ, ನೀವು ಅಡಿಗೆಗೆ ಬರ್ತೀರಾ ಅಂತ ತಾನೇ ಕೇಳಿದ್ದು?"

"ಅಡಿಗೆಗಾದ್ರೆ ವಸಂತಕ್ಕನೇ ಕೇಳ್ತಿದ್ರಲ್ರಿ. ನಾನ್ಯಾಕೆ ಕೇಳ್ತಿದ್ದೆ?"

ಅವಳು ನಗುತ್ತ ತಟ್ಟೆಗೆ ಬಡಿಸಿದಳು. ಊಟವಾದ ಮೇಲೆ ಅವನು ಬೆಂಕಿ ಆರಿಸಿದ. ಅವಳು ಒಲೆಗಲ್ಲು ಮುಟ್ಟಲಿಲ್ಲ. ಚಪ್ಪಟೆ ಕಲ್ಲೊಂದನ್ನು ಹುಡುಕಿ, ಅದರ ಕೆಳಗೆ ಒಣ ಪುಳ್ಳೆ ಜೋಡಿಸಿಟ್ಟಳು. ಮಹಾಂತೇಶ ನೋಡುತ್ತ ನಿಂತ. ಅವನ ಕಣ್ಣು ಒದ್ದೆಯಾಗಿತ್ತು, ಹೊಗೆಯ ಮೇಲೆ ಹಾಕೋಣವೆಂದರೆ ಬೆಂಕಿ ಆಗಲೇ ಆರಿತ್ತು.

ಆರೂವರೆಯ ಬಸ್ಸಿಗೆ ಹೊರಡುವಾಗ ಅವಳು ಉಪ್ಪಿನಕಾಯಿ ಬಾಟಲಿಯನ್ನು ಅವನ ಕೈಗೆ ಕೊಟ್ಟಳು.

"ಭಾರ. ನೀವೇ ಹೊರಿ."

"ಎಲ್ಲೀತನಕ?"

"ಖಾಲಿಯಾಗೋತನಕ."

"ಆಮೇಲೆ?"

"ಅಮ್ಮ ಮತ್ತೆ ತುಂಬಿ ಕೊಡ್ತಾಳೆ ರೀ..."