ಇಳಿಜಾರಿನಲ್ಲಿ ಹಿಡಿದ ಬ್ರೇಕು

ಚಕ್ರ ತಿರುಗಲಿಲ್ಲ.

ಕಾರ್ಕಳದ ಬಂಡೆಗುಡ್ಡದ ಕೊನೆಯ ತಿರುವಿನಲ್ಲಿ ನವ್ಯಶ್ರೀ ಸೈಕಲಿನಿಂದ ಇಳಿದು, ಮುಂದಿನ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ನೋಡಿದಳು. ಅರ್ಧ ಸುತ್ತೂ ಹೋಗದೆ ಕಿರ್ರೆಂದು ನಿಂತಿತು. ಲಿವರ್ ಮೇಲೆ ಅವಳ ಬೆರಳೂ ಇರಲಿಲ್ಲ. ಆದರೂ ಬ್ರೇಕ್ ಪ್ಯಾಡುಗಳು ಡಿಸ್ಕನ್ನು ಕಚ್ಚಿ ಹಿಡಿದಿದ್ದವು. ಹಿಂದೆ ಇದ್ದವರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋದರು. ಮೊದಲು ದಾಟಿದವಳು ಮೋಕ್ಷಾ.

ತಿಂಗಳ ಹಿಂದೆ ಆಯ್ಕೆ ರೇಸಿನ ಮೊದಲ ಸುತ್ತಿನಲ್ಲೂ ಹೀಗೆಯೇ ಆಗಿತ್ತು. ಇದೇ ಗುಡ್ಡ, ಇದೇ ತಿರುವು. ಒಂದು ಸಲವಾದರೆ ಗ್ರಹಚಾರ ಎಂದು ಸುಮ್ಮನಿರಬಹುದು. ಎರಡು ಸಲ? ರಾಜ್ಯ ತಂಡಕ್ಕೆ ಈ ಜಿಲ್ಲೆಯಿಂದ ಒಬ್ಬಳಿಗೇ ಜಾಗ. ಮುಂದಿನ ವರ್ಷ ನವ್ಯಶ್ರೀಗೆ ವಯಸ್ಸು ಮೀರುತ್ತದೆ.

ಸೈಕಲನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿದವಳು ಎಲ್ಲರ ಎದುರು ಮೋಕ್ಷಾಳತ್ತ ಬೆರಳು ತೋರಿಸಿದಳು.

"ನನ್ನ ಬ್ರೇಕಿಗೆ ಕೈ ಹಾಕಿದ್ದು ಇವಳೇ."

ಮೋಕ್ಷಾ ಅವಳ ಮುಖ ನೋಡಲಿಲ್ಲ. ಚಕ್ರವನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ನೀರಿನ ಬಾಟಲಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿದಳು.

ಕಾಪುವಿನ ಮೋಕ್ಷಾ ನವ್ಯಶ್ರೀಯ ಗೆಳತಿ. ವರ್ಷಗಟ್ಟಲೆ ಜೊತೆಯಲ್ಲಿ ಗುಡ್ಡ ಹತ್ತಿದವಳು, ಎರ್ಮಾಳಿನ ಅವಳ ಮನೆಯಲ್ಲಿ ತಟ್ಟೆ ತೆಗೆದು ತಾನೇ ಬಡಿಸಿಕೊಂಡು ಉಣ್ಣುವಷ್ಟು ಸಲಿಗೆಯವಳು. ನವ್ಯಶ್ರೀಗೆ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ, ವಾರವಿಡೀ ಅಲ್ಲೇ ವಾಸ. ಸೈಕಲ್ ಇರುವುದು ಎರ್ಮಾಳಿನ ಮನೆಯಲ್ಲಿ. ಎರಡು ರೇಸಿಗೂ ಅವಳು ಮಣಿಪಾಲದಿಂದ ಬಸ್ಸಿನಲ್ಲಿ ನೇರ ಕಾರ್ಕಳಕ್ಕೆ ಬಂದಿದ್ದಳು. ಎರಡು ಸಲವೂ ಅವಳ ಸೈಕಲನ್ನು ಮನೆಯಿಂದ ಕಾರಿನ ಮೇಲೆ ಹೇರಿಕೊಂಡು ತಂದವಳು ಮೋಕ್ಷಾ. ದಾರಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಜಿಲ್ಲಾ ಸೈಕ್ಲಿಂಗ್ ಸಂಘದವರಿಗೂ ಬೇಕೆನಿಸಲಿಲ್ಲ. ಗೆದ್ದ ಮೋಕ್ಷಾಳ ಆಯ್ಕೆಯನ್ನು ತಡೆಹಿಡಿದರು. ಶನಿವಾರದೊಳಗೆ ಅವಳು ನಿರಪರಾಧಿ ಎಂದಾದರೆ ಹೋಗಲಿ, ಇಲ್ಲವಾದರೆ ಇವರಿಬ್ಬರನ್ನೂ ಬಿಟ್ಟು ಮೂರನೆಯವಳೊಬ್ಬಳನ್ನು ಕಳಿಸೋಣ ಎಂದು ತೀರ್ಮಾನವಾಯಿತು. ವಿಚಾರಣೆ ಅಂಬಲಪಾಡಿಯ ಕರುಣಾಕರರ ಪಾಲಿಗೆ ಬಂತು. ಸಂಘದ ಉಪಾಧ್ಯಕ್ಷರು ಎನ್ನುವುದು ಹೆಸರಿಗೆ. ಮುಳುಗಿದ, ಸುಟ್ಟ, ಬಂಡೆಗೆ ಬಡಿದ ಬೋಟುಗಳನ್ನು ತಡಕಾಡಿ, ಹೀಗಾದದ್ದು ಯಾಕೆ ಎಂದು ವಿಮಾ ಕಂಪನಿಗಳಿಗೆ ಹೇಳುವುದು ಅವರ ಹೊಟ್ಟೆಪಾಡು. ಸೈಕಲನ್ನು ಯಾರೂ ಮುಟ್ಟಬಾರದು ಎಂದು ಅವರು ಮೊದಲ ದಿನವೇ ಮಣಿಪಾಲದ ರೂಪೇಶನ ರಿಪೇರಿ ಅಂಗಡಿಯಲ್ಲಿ ಇಡಿಸಿದ್ದರು.

ಶನಿವಾರ ಮಧ್ಯಾಹ್ನ ನವ್ಯಶ್ರೀ ಅಲ್ಲಿಗೆ ಹೋದಾಗ ಮುಂದಿನ ಚಕ್ರ ನೆಲದಿಂದ ಮೇಲೆ ತೂಗುತ್ತಿತ್ತು. ರೂಪೇಶ್ ಬೆರಳಿನಿಂದ ತಟ್ಟಿದ. ಚಕ್ರ ಸದ್ದಿಲ್ಲದೆ ಸುತ್ತುತ್ತಲೇ ಇತ್ತು.

"ನೋಡಿ ಸರ್. ಇಲ್ಲಿ ಬಂದರೆ ಸರಿ ಉಂಟು. ಅಲ್ಲಿ ಹೋದರೆ ಹಿಡಿಯುತ್ತದೆ. ನಾನು ಎಂತ ಮಾಡುವುದು ಮಾರಾಯ್ರೆ?"

"ಮೊದಲ ಸಲ ಹಿಡಿದ ಮೇಲೆ ಎಂತೆಲ್ಲ ನೋಡಿದೆ?" ಕರುಣಾಕರರು ಕೇಳಿದರು.

"ಡಿಸ್ಕ್ ಬೆಂಡ್ ಉಂಟಾ ಅಂತ ನೋಡಿದೆ, ಇರಲಿಲ್ಲ. ಪ್ಯಾಡ್ ಚೆನ್ನಾಗಿತ್ತು. ಪ್ಯಾಡನ್ನು ತಳ್ಳುವ ಪಿಸ್ಟನ್ ಉಂಟಲ್ಲ, ಅದನ್ನು ಒರೆಸಿದೆ. ಎಲ್ಲ ಮಧ್ಯಕ್ಕೆ ಕೂರಿಸಿ ಕೊಟ್ಟೆ."

"ಎಣ್ಣೆ?"

"ಲಿವರ್ ಗಟ್ಟಿ ಇತ್ತು. ಗಟ್ಟಿ ಇದ್ದರೆ ಎಣ್ಣೆ ಕಮ್ಮಿ ಇಲ್ಲ ಅಂತ ಲೆಕ್ಕ. ಮುಚ್ಚಳ ತೆರೆಯಲಿಲ್ಲ."

"ಬೇಕಂತಲೇ ಯಾರಾದರೂ ಹಾಳು ಮಾಡುವುದಾದರೆ?"

"ಡಿಸ್ಕ್ ಬಗ್ಗಿಸಬಹುದು. ಚಕ್ರ ತೆಗೆದು ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಕೂರುತ್ತದೆ. ಆದರೆ ಹಾಗೆ ಮಾಡಿದರೆ ಯಾವಾಗಲೂ ಹಿಡಿಯಬೇಕು ಸರ್. ಈಗಲೂ ಹಿಡಿಯಬೇಕು."

ನವ್ಯಶ್ರೀಗೆ ತಾಳ್ಮೆ ಇರಲಿಲ್ಲ. "ರೇಸ್ ಮುಗಿದ ಮೇಲೆ ಅವಳೇ ಸರಿ ಮಾಡಿರಬಹುದಲ್ಲ ಸರ್?"

"ನೀನು ಹೊತ್ತು ತಂದದ್ದು. ಅವಳು ಹತ್ತಿರ ಬಂದಳಾ?"

"...ಇಲ್ಲ."

"ಮೋಕ್ಷಾಳ ಹತ್ತಿರ ನಾನು ಮಾತಾಡಿದೆ," ಎಂದರು ಕರುಣಾಕರರು. "ಎಲ್ಲದಕ್ಕೂ ಉತ್ತರ ಕೊಟ್ಟಳು. ಒಂದಕ್ಕೆ ಮಾತ್ರ ಇಲ್ಲ. ಅವಳು ಎರ್ಮಾಳಿಗೆ ಹೋದಾಗ ಸೈಕಲಿನ ಹತ್ತಿರ ಯಾರಿದ್ದರು ಅಂತ ಕೇಳಿದೆ. ನಾನದನ್ನು ಹೇಳುವುದಿಲ್ಲ ಅಂಕಲ್, ಬೇರೆ ಕೇಳಿ ಅಂದಳು."

"ತಪ್ಪು ಮಾಡದವಳು ಯಾಕೆ ಬಾಯಿ ಮುಚ್ಚುತ್ತಾಳೆ?"

ನವ್ಯಶ್ರೀ ಕೇಳಿದ್ದು ಜೋರಾಗಿಯೇ. ಒಳಗಿನ ಪಾಡು ಬೇರೆ. ಆ ದಿನದಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಮೋಕ್ಷಾ ತಪ್ಪಿತಸ್ಥಳಾದರೆ ಗೆಳತಿ ಹೋದ ಹಾಗೆ. ಅಲ್ಲವಾದರೆ ತಾನು ಮನುಷ್ಯಳೇ ಅಲ್ಲದ ಹಾಗೆ. ಎರಡರಲ್ಲಿ ಮೊದಲನೆಯದೇ ಆಗಲಿ ಎಂದು ಅವಳು ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು. ಅಂಥ ಬೇಡಿಕೆಯನ್ನು ಯಾವ ದೇವರು ಕೇಳಿಯಾನು?

ಕರುಣಾಕರರು ಎದ್ದರು. "ಇಲ್ಲೇ ಊರ ತುದಿಯ ಎಂಡ್ ಪಾಯಿಂಟ್ ಕಡೆ ಒಳ್ಳೆಯ ಇಳಿಜಾರು ಉಂಟಲ್ಲ. ನಡಿ. ಕಾರ್ಕಳದಲ್ಲಿ ಹೇಗೆ ಬ್ರೇಕ್ ಹಿಡಿದಿಯೋ ಹಾಗೇ ಹಿಡಿದುಕೊಂಡು ಇಳಿ. ನಾವು ಸ್ಕೂಟರಿನಲ್ಲಿ ಹಿಂದೆಯೇ ಬರುತ್ತೇವೆ."

ಇಳಿದಳು. ಹತ್ತಿದಳು, ಮತ್ತೆ ಇಳಿದಳು. ಬಿಸಿಲು ಸುಡುತ್ತಿತ್ತು. ಮೂರನೆಯ ಸಲ ಇಳಿಯುವಾಗ ಕೈಗೆ ಗೊತ್ತಾಯಿತು—ಲಿವರ್ ಕಲ್ಲಿನಂತೆ ಬಿಗಿದಿತ್ತು. ಬೆರಳು ಬಿಟ್ಟಳು. ಸೈಕಲ್ ಬಿಡಲಿಲ್ಲ. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಧಾನವಾಗಿ, ಕಿರುಗುಟ್ಟುತ್ತ, ನಿಂತೇಬಿಟ್ಟಿತು.

ಸ್ಕೂಟರ್ ಪಕ್ಕಕ್ಕೆ ಬಂತು. ಕರುಣಾಕರರು ಹೆಲ್ಮೆಟ್ ತೆಗೆದರು.

"ಈಗ ಮೋಕ್ಷಾ ಎಲ್ಲಿದ್ದಾಳೆ?"

ನವ್ಯಶ್ರೀ ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟಳು.

"ಯಾರೂ ಮುಟ್ಟಲಿಲ್ಲ," ಎಂದರು ಕರುಣಾಕರರು. "ಆದರೂ ಹಿಡಿಯಿತು. ಹಾಗಾದರೆ ಕೇಡು ದಾರಿಯಲ್ಲಿ ಆದದ್ದಲ್ಲ, ಮೊದಲೇ ಒಳಗೆ ಕೂತಿತ್ತು. ತಣ್ಣಗಿರುವಾಗ ಕಾಣುವುದಿಲ್ಲ, ಬಿಸಿಯಾದರೆ ಎದ್ದು ಬರುತ್ತದೆ. ರೂಪೇಶ, ಲಿವರಿನ ಹತ್ತಿರ ಎಣ್ಣೆಯ ಡಬ್ಬಿ ಉಂಟಲ್ಲ, ಅದರ ಸ್ಕ್ರೂ ತೆಗೆ."

ರೂಪೇಶ್ ಕೀ ಹಾಕಿ ತಿರುಗಿಸಿದ. ಸ್ಕ್ರೂ ಪೂರ್ತಿ ಹೊರಬರುವ ಮೊದಲೇ ಎಣ್ಣೆ ಬುಳಕ್ಕೆಂದು ಉಕ್ಕಿ ಹ್ಯಾಂಡಲ್ ಮೇಲೆ ಹರಿಯಿತು. ಅದೇ ಗಳಿಗೆಯಲ್ಲಿ ಮುಂದಿನ ಚಕ್ರ ಸಡಿಲಾಯಿತು. ಬೆರಳಿನಿಂದ ತಟ್ಟಿದರೆ ಸುತ್ತುತ್ತಲೇ ಹೋಯಿತು.

"ಕಂಠಮಟ್ಟ ತುಂಬಿಸಿದ್ದಾರೆ," ಎಂದ ರೂಪೇಶ್ ಬೆಪ್ಪಾಗಿ.

"ಬಿಸಿಯಾದ ಎಣ್ಣೆ ಹಿಗ್ಗುತ್ತದೆ. ಡಬ್ಬಿಯಲ್ಲಿ ಹಿಗ್ಗಲು ಜಾಗ ಇಲ್ಲ. ಹೋಗುವುದೆಲ್ಲಿಗೆ? ಪಿಸ್ಟನನ್ನೇ ತಳ್ಳುತ್ತದೆ, ಪ್ಯಾಡು ಡಿಸ್ಕನ್ನು ಹಿಡಿಯುತ್ತದೆ. ಹಿಡಿದರೆ ಇನ್ನಷ್ಟು ಬಿಸಿ, ಇನ್ನಷ್ಟು ಹಿಡಿತ. ನಿನ್ನ ಅಂಗಡಿಗೆ ಬರುವಷ್ಟರಲ್ಲಿ ಎಲ್ಲ ತಣ್ಣಗೆ. ತುಂಬಿಸಿದ್ದು ನೀನಾ?"

"ದೇವರಾಣೆ ನಾನಲ್ಲ ಸರ್. ಮನೆಯಲ್ಲಿರಲಿ ಅಂತ ಒಂದು ಚಿಕ್ಕ ಬಾಟಲಿ ಎಣ್ಣೆ ಇವಳಿಗೆ ಕೊಟ್ಟಿದ್ದೆ, ಅಷ್ಟೇ."

"ಆ ಸ್ಕ್ರೂ ಇಲ್ಲಿ ಕೊಡು."

ಕರುಣಾಕರರು ಅದನ್ನು ಕರವಸ್ತ್ರದಲ್ಲಿ ಒರೆಸಿ ನವ್ಯಶ್ರೀಯ ಅಂಗೈಯಲ್ಲಿಟ್ಟರು. ಸ್ಕ್ರೂವಿನ ಕುತ್ತಿಗೆಗೆ ತೆಳುವಾದ ನೀಲಿ ನೂಲು, ಒಂದರ ಪಕ್ಕ ಒಂದು ಅಂಟಿಕೊಂಡ ಹಾಗೆ, ಅಚ್ಚುಕಟ್ಟಾಗಿ ಸುತ್ತಿತ್ತು.

"ಸೈಕಲ್ ರಿಪೇರಿಯವರು ಇದನ್ನು ಸುತ್ತುವುದಿಲ್ಲ, ಇದಕ್ಕೆ ರಬ್ಬರ್ ವಾಷರ್ ಉಂಟು. ಕಾರು ಓಡಿಸುವ ಹುಡುಗಿಗೆ ಇದು ಬರುವುದಿಲ್ಲ. ನಾನು ನೂರಾರು ಬೋಟುಗಳಲ್ಲಿ ನೋಡಿದ್ದೇನೆ. ಎಣ್ಣೆ ಸೋರಬಾರದು ಅಂತ ಬಲೆಯ ನೂಲು ಸುತ್ತಿ ಬಿಗಿಯುವುದು ಕಡಲಿನವರ ಕೈಕೆಲಸ. ಇದನ್ನು ನೀನು ನೋಡಿರಲಿಲ್ಲವಾ?"

ನೋಡಿದ್ದಳು. ಎಷ್ಟೋ ಸಲ ನೋಡಿದ್ದಳು. ಹುಟ್ಟಿದಂದಿನಿಂದ ಮನೆಯ ನಲ್ಲಿಯಲ್ಲಿ, ಸೀಮೆಎಣ್ಣೆ ಸ್ಟೌವಿನಲ್ಲಿ, ಬಾವಿಯ ಪಂಪಿನಲ್ಲಿ ಕಂಡ ನೂಲು. ಕಣ್ಣಿಗೆ ಅಷ್ಟು ರೂಢಿಯಾದದ್ದು ಕಾಣುವುದಾದರೂ ಹೇಗೆ?

"ಪಪ್ಪ," ಎಂದಳು.

ಕರುಣಾಕರರು ತಲೆಯಾಡಿಸಿದರು. ಗೆದ್ದ ಸಂತೋಷವೇನೂ ಅವರ ಮುಖದಲ್ಲಿರಲಿಲ್ಲ. ಅಲ್ಲಿಂದಲೇ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದರು. ಹೂಂ, ಹೂಂ ಎಂದು ಕೇಳಿಸಿಕೊಂಡು ಇಟ್ಟರು.

"ತಡವಾಯಿತು. ಮೂರನೆಯವಳ ಹೆಸರು ಬೆಳಿಗ್ಗೆಯೇ ಹೋಗಿದೆ. ನನಗೆ ಈ ಜಾಗವೇ ಬೇಡ, ಯಾರನ್ನೂ ಇನ್ನು ವಿಚಾರಿಸಬೇಡಿ ಅಂತ ಮೋಕ್ಷಾ ತಾನೇ ಹೇಳಿದಳಂತೆ."

ಎರ್ಮಾಳಿಗೆ ಹೋಗುವ ದಾರಿಯಲ್ಲೇ ಕಾಪು ಸಿಗುತ್ತದೆ. ಮೋಕ್ಷಾಳ ಮನೆಯ ಓಣಿ ಬಂದಾಗ, ಕರುಣಾಕರರ ಸ್ಕೂಟರಿನ ಹಿಂದೆ ಕುಳಿತಿದ್ದ ನವ್ಯಶ್ರೀ, "ನಿಲ್ಲಿಸಿ" ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಓಣಿ ದಾಟಿಹೋಯಿತು. ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು.

ಅವಳ ಅಪ್ಪ ಕಿಟ್ಟ ಅಂಗಳದಲ್ಲಿ ಬಲೆ ಹರಡಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದ. ಕಾಲಿನ ಹೆಬ್ಬೆರಳಿಗೆ ಅದೇ ನೀಲಿ ನೂಲು. ಮಗಳ ಜೊತೆ ಹಿರಿಯರೊಬ್ಬರನ್ನು ಕಂಡು ಎದ್ದು ಲುಂಗಿ ಇಳಿಸಿದ.

"ಬನ್ನಿ, ಕುಳಿತುಕೊಳ್ಳಿ. ಎಂತ ಮಗಾ, ಮುಖ ಹೀಗುಂಟು?"

"ಸೈಕಲಿನ ಬ್ರೇಕಿಗೆ ಎಣ್ಣೆ ತುಂಬಿಸಿದ್ದು ನೀವಾ?" ಕರುಣಾಕರರು ಮೆಲ್ಲಗೆ ಕೇಳಿದರು.

"ಮತ್ತೆ ಯಾರು?" ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. "ಹಳೆ ಸೈಕಲಿಗೆ ವಯರ್ ಬ್ರೇಕ್, ಅದಕ್ಕೆ ತೆಂಗಿನೆಣ್ಣೆ ಬಿಡುತ್ತಿದ್ದೆ. ಇದಕ್ಕೆ ಬಾಟಲಿ ಎಣ್ಣೆ. ತೆರೆದು ನೋಡಿದರೆ ಮೇಲೆ ಸ್ವಲ್ಪ ಖಾಲಿ ಕಂಡಿತು. ಹೊರಡುವ ದಿನ ಅರ್ಧಂಬರ್ಧ ಇಟ್ಟು ಕಳಿಸುವುದುಂಟಾ? ನನ್ನ ತಮ್ಮ ಧನರಾಜ ಹಾಗೆ ಹೋದವನೇ. ಬೋಟಿನ ಗೇರ್ ಬಾಕ್ಸಿಗೆ ಎಣ್ಣೆ ಕಮ್ಮಿ ಇತ್ತು, ಸಾಕಾಗುತ್ತದೆ ಅಂದ. ಪಡುಬಿದ್ರಿಯ ಆಚೆ ಬೋಟು ನಿಂತಿತು. ಗಾಳಿಮಳೆ, ಎಳೆದುಕೊಂಡು ಹೋಯಿತು. ಅವನ ಹೆಣವೂ ಸಿಗಲಿಲ್ಲ. ಅವತ್ತಿನಿಂದ ನನ್ನ ಮನೆಯಿಂದ ಯಾವುದೂ ತುಂಬದೆ ಹೊರಗೆ ಹೋಗುವುದಿಲ್ಲ."

ಸೈಕಲಿನಲ್ಲಿ ಆ ಸ್ವಲ್ಪ ಖಾಲಿಯೇ ಬೇಕಿತ್ತು ಎಂದು ಇವನಿಗೆ ಹೇಳುವವರು ಯಾರು?

"ಎರಡು ಸಲವೂ ತುಂಬಿಸಿದಿರಾ?"

"ಹೌದು. ಎರಡು ಸಲವೂ ಆ ಹುಡುಗಿ ಮೋಕ್ಷಾ ಇಲ್ಲೇ ನಿಂತಿದ್ದಳಲ್ಲ, ಕಾರಿಗೆ ಹೇರಲು ಬಂದವಳು. ಸಾಕು ಅಂಕಲ್, ತುಂಬ ಆಯಿತು ಅಂತ ನಗಾಡಿದಳು. ನಾನು ಕೇಳಲಿಲ್ಲ."

ನವ್ಯಶ್ರೀ ಕಂಬಕ್ಕೆ ಒರಗಿದಳು. ಗುಡ್ಡದ ಬುಡದಲ್ಲಿ ಚಕ್ರವನ್ನು ಅಷ್ಟು ಹೊತ್ತು ನೋಡುತ್ತ ನಿಂತ ಮೋಕ್ಷಾಳಿಗೆ ಅಲ್ಲೇ, ಆಗಲೇ ಎಲ್ಲ ಹೊಳೆದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತಿನಲ್ಲಿ ಕಿಟ್ಟನ ಹೆಸರಿತ್ತು, ಹಾಗಾಗಿ ಅವಳು ಹೇಳಲಿಲ್ಲ. ಅಪ್ಪನ ಕೈಯಿಂದಲೇ ಮಗಳು ಸೋತಳೆಂದು ಊರೆಲ್ಲ ಆಡುವುದಕ್ಕಿಂತ ತಾನು ಕೆಟ್ಟವಳಾದರೂ ಆದೀತು ಎಂದುಕೊಂಡಳು.

"ವರದಿಯಲ್ಲಿ ಎಲ್ಲ ಬರೆಯಿರಿ ಸರ್," ಎಂದಳು ನವ್ಯಶ್ರೀ. "ಪಪ್ಪನ ಹೆಸರು, ನನ್ನ ಹೆಸರು, ಎಲ್ಲ."

ಮೋಕ್ಷಾಳಿಗೆ ಮತ್ತೆ ಮಾಡಿದ ಫೋನು ರಿಂಗಾಗಿ ತಾನಾಗಿ ನಿಂತಿತು. ಕರುಣಾಕರರು ಚಪ್ಪಲಿ ಮೆಟ್ಟಿಕೊಂಡರು. ಕಿಟ್ಟ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ಏನೋ ಕೆಟ್ಟದಾಗಿದೆ ಎಂಬಷ್ಟು ಅವನಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ನೂಲನ್ನು ಹೆಬ್ಬೆರಳಿನಿಂದ ಬಿಡಿಸುತ್ತ, ಕೇಳಿದರೆ ಎಲ್ಲಿ ತಪ್ಪಾಗುತ್ತದೋ ಎಂಬಂತೆ ಕೇಳಿದ:

"ಮೋಕ್ಷಾ ಯಾಕೆ ಈಗ ನಮ್ಮಲ್ಲಿಗೆ ಬರುವುದಿಲ್ಲ?"